ಮೊದಲು ಇಳಿದು ನೋಡಿ: ಘಟ್ಟದ ಜೀಪು ದಾರಿಗೆ ಗಾಡಿ ಇಳಿಸುವವರಿಗೆ

ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಇದು ಗೊತ್ತಿರುತ್ತದೆ. ಡಾಂಬರು ಇರುವವರೆಗೂ ಎಲ್ಲರದ್ದೂ ಹರಟೆ. ಮಣ್ಣಿನ ಏರು ಶುರುವಾಗುತ್ತಿದ್ದಂತೆ ಮಾತು ನಿಲ್ಲುತ್ತದೆ, ಎಲ್ಲರ ಕೈಯೂ ಕಂಬಿಗೆ ಹೋಗುತ್ತದೆ. ಡ್ರೈವರ್ ಮಾತ್ರ ಎಲೆ ಅಡಿಕೆ ಜಗಿಯುತ್ತಾ, ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾ 1,343 ಮೀಟರ್ ಎತ್ತರದ ಬೆಟ್ಟದ ನೆತ್ತಿಯ ಹತ್ತಿರ ತಂದು ಬಿಡುತ್ತಾನೆ. ಹಿಂದೆ ಕೂತವರಲ್ಲಿ ಒಬ್ಬರಿಗಾದರೂ ಅನ್ನಿಸುತ್ತದೆ, ‘ಇದೇನು ಮಹಾ, ನಮ್ಮ ಥಾರ್ ತಂದಿದ್ದರೂ ಆಗ್ತಿತ್ತು’ ಅಂತ.

ಆಗುತ್ತಿತ್ತೇನೋ. ಆದರೆ ಆ ಡ್ರೈವರ್ ನಿನ್ನೆಯೂ ಅದೇ ದಾರಿಯಲ್ಲಿ ಬಂದವನು. ಯಾವ ಕಲ್ಲು ರಾತ್ರಿ ಮಳೆಗೆ ಜರುಗಿದೆ, ಯಾವ ತಿರುವಿನಲ್ಲಿ ಅಂಚು ಸಡಿಲವಾಗಿದೆ ಎಂಬುದು ಅವನಿಗೆ ಗೊತ್ತು. ನಮಗೆ ಗೊತ್ತಿಲ್ಲ. ಗೊತ್ತಿಲ್ಲದವರು ಗಾಡಿ ನಿಲ್ಲಿಸಿ, ಇಳಿದು, ನಡೆದು ನೋಡಬೇಕು. ಈ ಲೇಖನದ ಮುಕ್ಕಾಲು ಪಾಲು ಅದೇ ಮಾತು.

ಮನೆ ಬಿಡುವ ಮುಂಚೆ

ಮೊದಲ ಪ್ರಶ್ನೆ, ಆ ದಾರಿಯಲ್ಲಿ ನಿಮ್ಮ ಗಾಡಿಗೆ ಹೋಗಲು ಬಿಡುತ್ತಾರಾ? ಘಟ್ಟದ ಹೆಚ್ಚಿನ ಬೆಟ್ಟಗಳು ಅರಣ್ಯ ಇಲಾಖೆಯ ಕೈಯಲ್ಲಿವೆ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ, ಕೊಡಚಾದ್ರಿಯಂಥ ಕಡೆ ಊರಿನ ಜೀಪುಗಳೇ ಜನರನ್ನು ಹತ್ತಿಸುತ್ತವೆ. ಸ್ವಂತ ಗಾಡಿಗೆ ಬಿಡುವುದು, ಬಿಡದಿರುವುದು ಆಗಾಗ ಬದಲಾಗುತ್ತಿರುತ್ತದೆ. ಹಳೆಯ ವೀಡಿಯೊ ನೋಡಿ ಹೊರಡಬೇಡಿ. ಚೆಕ್‌ಪೋಸ್ಟಿನಲ್ಲೋ, ಊರಿನ ಅಂಗಡಿಯಲ್ಲೋ ಆವತ್ತೇ ಕೇಳಿ. ತೋಟದ ಒಳದಾರಿಯಾದರೆ ಯಜಮಾನರ ಒಪ್ಪಿಗೆ ಬೇಕೇ ಬೇಕು.

ಎರಡನೆಯದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ಈ ದಾರಿಗಳ ಸಹವಾಸಕ್ಕೇ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಬಂದವು, ಮನೆಗಳು ಹೋದವು, ಡಾಂಬರು ರಸ್ತೆಗಳೇ ಉಳಿಯಲಿಲ್ಲ. ಮಣ್ಣು ದಾರಿಯ ಪಾಡೇನು? ಮಳೆ ನಿಂತ ಕೂಡಲೇ ದಾರಿ ಸರಿಯಾಗುವುದೂ ಇಲ್ಲ. ನೆನೆದ ಗುಡ್ಡ ಒಳಗಿನಿಂದ ಒಣಗಲು ವಾರಗಟ್ಟಲೆ ಬೇಕು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ.

ಇನ್ನು ಗಾಡಿ. ಘಟ್ಟದಲ್ಲಿ ದೊಡ್ಡ ಗಾಡಿ ಅಂದರೆ ಒಳ್ಳೆಯ ಗಾಡಿ ಅಂತ ಲೆಕ್ಕ ಇಲ್ಲ. ಮಾರುತಿ ಜಿಮ್ನಿಯ ಅಗಲ 1,645 ಮಿಲಿಮೀಟರ್, 2020ರ ಥಾರ್‌ದು 1,820. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಗೇಣು. ಊರಿನಲ್ಲಿ ಅದು ಏನೂ ಅಲ್ಲ. ಒಂದು ಕಡೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಪ್ರಪಾತ ಇರುವಲ್ಲಿ ಆ ಗೇಣೇ ಎಲ್ಲಾ. ನೆಲದಿಂದ ಎತ್ತರದಲ್ಲಿ ಥಾರ್ 226 ಮಿಲಿಮೀಟರ್, ಜಿಮ್ನಿ 210. ಈ ಅಳತೆ ಗಾಡಿಯ ಹೊಟ್ಟೆಯ ಅತಿ ತಗ್ಗಾದ ಜಾಗದ್ದು. ನಿಮ್ಮ ಗಾಡಿಯಲ್ಲಿ ಆ ಜಾಗ ಎಲ್ಲಿದೆ ಅಂತ ಒಂದು ಸಲ ಬಗ್ಗಿ ನೋಡಿಕೊಳ್ಳಿ. ಬಹಳ ಗಾಡಿಗಳಲ್ಲಿ ಅದು ಹಿಂದಿನ ಆಕ್ಸಲ್‌ನ ನಡುವಿನ ಉಂಡೆಯಂಥ ಭಾಗ. ಮುಂದೆ ಕಲ್ಲು ಸಿಕ್ಕಾಗ ಅದನ್ನು ಚಕ್ರದ ಮೇಲೆ ಹತ್ತಿಸಬೇಕೋ, ಹೊಟ್ಟೆಯ ಕೆಳಗೆ ಬಿಡಬೇಕೋ ಅಂತ ತೀರ್ಮಾನಿಸಲು ಈ ನೆನಪು ಬೇಕು. ಅನುಮಾನ ಇದ್ದರೆ ಚಕ್ರವನ್ನೇ ಹತ್ತಿಸಿ. ಟೈರು ಕಲ್ಲನ್ನು ತಾಳುತ್ತದೆ, ಆಯಿಲ್ ಚೇಂಬರ್ ತಾಳುವುದಿಲ್ಲ.

ಟಾಪಿನ ಮೇಲೆ ಲಗೇಜು ಕಟ್ಟಿದ್ದರೆ ಇಳಿಸಿ ಒಳಗೆ, ನೆಲಕ್ಕೇ ಇಡಿ. ಮೇಲಿನ ಭಾರ ಓರೆ ದಾರಿಯಲ್ಲಿ ಗಾಡಿಯನ್ನು ಮಗುಚಲು ನೋಡುತ್ತದೆ. ಒಳಗಿನ ಸಾಮಾನನ್ನೂ ಬಿಗಿಯಾಗಿ ಕಟ್ಟಿ. ಇಳಿಜಾರಿನಲ್ಲಿ ಒಂದು ನೀರಿನ ಬಾಟಲಿ ಉರುಳಿ ಬಂದು ಬ್ರೇಕ್ ಪೆಡಲ್ ಅಡಿಗೆ ಸಿಕ್ಕಿಕೊಂಡರೆ ಸಾಕು, ಬೇರೇನೂ ಬೇಡ.

ಡಾಂಬರು ಮುಗಿದ ಜಾಗದಲ್ಲಿ ಟೈರಿನ ಗಾಳಿ ಸ್ವಲ್ಪ ಬಿಡಿ. 32 ಪಿಎಸ್‌ಐ ಇದ್ದರೆ 22, 24ಕ್ಕೆ ಇಳಿಸಿ. ಟೈರು ಮೆತ್ತಗಾಗಿ ಕಲ್ಲನ್ನು ಅಪ್ಪಿ ಹಿಡಿಯುತ್ತದೆ, ಪುಟಿಯುವುದು ಕಮ್ಮಿಯಾಗುತ್ತದೆ. ಅಂಚಿನ ದಾರಿಯಲ್ಲಿ ಪುಟಿಯದಿರುವುದು ಬಹಳ ಮುಖ್ಯ. ಅದಕ್ಕಿಂತ ತೀರಾ ಕಮ್ಮಿ ಮಾಡಬೇಡಿ. 15ರ ಕೆಳಗೆ ಹೋದರೆ ತಿರುವಿನಲ್ಲಿ ಟೈರು ಡಿಸ್ಕಿನಿಂದ ಕಳಚಿಕೊಳ್ಳುವ ಭಯ ಇದೆ. ಗಾಳಿ ನೋಡುವ ಗೇಜು, ಬ್ಯಾಟರಿಗೆ ಹಾಕುವ ಚಿಕ್ಕ ಪಂಪು ಎರಡೂ ಜೊತೆಗಿರಲಿ.

ಇಳಿಯಿರಿ, ನಡೆಯಿರಿ

ಮೂಡಿಗೆರೆ ಕಡೆ ನೆಂಟರ ಕಾಫಿ ತೋಟದಲ್ಲಿ ನಡೆದದ್ದು ಹೇಳುತ್ತೇನೆ. ಅಕ್ಟೋಬರ್ ತಿಂಗಳು, ಬಿಸಿಲು ಚೆನ್ನಾಗಿತ್ತು. ತೋಟದ ಮೇಲ್ಭಾಗದ ದಾರಿಯಲ್ಲಿ ಎದುರು ಒಂದು ಬಿದ್ದ ಕೊಂಬೆ ಇತ್ತು. ಅದನ್ನು ಬಳಸಿಕೊಂಡು ಹೋಗಲು ನಾನು ಎಡ ಚಕ್ರವನ್ನು ಒಂದಡಿ ಹೊರಗೆ, ಹುಲ್ಲಿನ ಮೇಲೆ ಬಿಟ್ಟೆ. ಹುಲ್ಲು ಹಸಿರಾಗಿ, ಮಟ್ಟಸವಾಗಿ ಕಾಣುತ್ತಿತ್ತು. ಚಕ್ರ ಮೊಣಕಾಲುದ್ದ ಕುಸಿಯಿತು, ಗಾಡಿ ಕಣಿವೆಯ ಕಡೆ ವಾಲಿ ನಿಂತಿತು. ಒಂದು ಸಿಲ್ವರ್ ಓಕ್ ಮರ ಇಲ್ಲದಿದ್ದರೆ ಈ ಲೇಖನ ಬೇರೆ ಯಾರಾದರೂ ಬರೆಯಬೇಕಿತ್ತು. ಕೆಳಗೆ ಹೋಗಿ ನೋಡಿದರೆ ಮಳೆನೀರು ಅಂಚಿನ ಒಳಗಿನ ಮಣ್ಣನ್ನೆಲ್ಲ ತೊಳೆದು ಹಾಕಿತ್ತು. ಮೇಲೆ ಉಳಿದದ್ದು ಹುಲ್ಲಿನ ಬೇರು ಹಿಡಿದುಕೊಂಡ ನಾಲ್ಕು ಇಂಚಿನ ಚಪ್ಪರ ಅಷ್ಟೇ. ಬಾಗಿಲು ತೆಗೆದು ಆ ಕೊಂಬೆ ಎಳೆದು ಹಾಕಲು ಎರಡು ನಿಮಿಷ ಸಾಕಿತ್ತು. ಗಾಡಿ ಎಳೆಸಲು ಟ್ರ್ಯಾಕ್ಟರ್ ಬಂದು ನಾಲ್ಕು ಗಂಟೆ ಹಿಡಿಯಿತು. ಮಾವ ಬೈದದ್ದು ಬೇರೆ.

ಆದ್ದರಿಂದ ಮುಂದಿನ ತಿರುವು ಕಾಣದಿದ್ದರೆ, ದಾರಿ ಕಿರಿದಾಗಿದ್ದರೆ, ನೀರು ಹರಿದ ಗುರುತಿದ್ದರೆ ಗಾಡಿ ನಿಲ್ಲಿಸಿ ಇಳಿಯಿರಿ. ನಡೆಯುವಾಗ ಮೊದಲು ನೋಡಬೇಕಾದದ್ದು ಹೊರ ಅಂಚು. ಕಾಲಲ್ಲಿ ತುಳಿದರೆ ಸಾಲದು. ಸ್ವಲ್ಪ ಪಕ್ಕಕ್ಕೆ ಹೋಗಿ ಅಂಚಿನ ಕೆಳಭಾಗವನ್ನು ನೋಡಿ. ಹೊಸದಾಗಿ ಉದುರಿದ ಕೆಂಪು ಮಣ್ಣು, ಬರಿ ಬೇರುಗಳು ಇದ್ದರೆ ಒಳಗೆ ಟೊಳ್ಳು ಅಂತ ಅರ್ಥ. ದಾರಿಗೆ ಸಮಾನಾಂತರವಾಗಿ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಮುಂದೆ ಗಾಡಿ ಬೇಡ. ಅಂಥ ಬಿರುಕು ಅಂಚು ಜಾರಲು ತಯಾರಾಗಿರುವ ಗುರುತು.

ಆಮೇಲೆ ಒಳಬದಿ. ಅಲ್ಲಿ ಸಾಮಾನ್ಯವಾಗಿ ಚರಂಡಿ ಇರುತ್ತದೆ, ಅದರ ಮೇಲೆ ತರಗೆಲೆ ಮುಚ್ಚಿರುತ್ತದೆ. ಒಳಚಕ್ರ ಚರಂಡಿಗೆ ಬಿದ್ದರೆ ಹೆದರಬೇಡಿ, ಗಾಡಿ ಧರೆಗೆ ಒರಗುತ್ತದೆ, ಪೇಂಟ್ ಹೋಗುತ್ತದೆ, ಅಷ್ಟೇ. ಹೊರಚಕ್ರಕ್ಕೂ ಒಳಚಕ್ರಕ್ಕೂ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ ಯೋಚನೆಯೇ ಬೇಡ, ಧರೆ ಕಡೆಗೆ ಒತ್ತಿಕೊಳ್ಳಿ. ಕನ್ನಡಿ ಒಡೆದರೆ ಒಡೆಯಲಿ.

ನಡೆದು ಹೋಗುವಾಗ ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಎದುರು ಗಾಡಿ ಬಂದರೆ ಎಲ್ಲಿ ಸರಿದು ನಿಲ್ಲಬಹುದು? ಅಗಲ ಜಾಗ ಕಂಡಲ್ಲೆಲ್ಲ ಅದರ ದೂರವನ್ನು ಮನಸ್ಸಿನಲ್ಲಿ ಗುರುತು ಹಾಕಿ. ರಿವರ್ಸ್ ಬರಬೇಕಾದರೆ ಬೇಕಾಗುವುದು ಇದೇ.

ದಾರಿ ತೋರಿಸುವವರು

ಕಷ್ಟದ ಜಾಗದಲ್ಲಿ ಡ್ರೈವರ್ ಬಿಟ್ಟು ಎಲ್ಲರೂ ಇಳಿಯಬೇಕು. ಭಾರವೂ ಕಮ್ಮಿ, ಅನಾಹುತವಾದರೆ ಒಳಗಿರುವವರೂ ಕಮ್ಮಿ. ಇಳಿದವರಲ್ಲಿ ಒಬ್ಬರು, ಒಬ್ಬರೇ, ಕೈಸನ್ನೆ ಮಾಡಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ‘ಬಾ ಬಾ, ಲೆಫ್ಟ್, ಅಯ್ಯೋ ನಿಲ್ಸೋ’ ಅಂತ ಕೂಗಿದರೆ ಡ್ರೈವರ್ ಕೇಳುವುದು ಯಾರ ಮಾತು? ಕೈ ತೋರಿಸುವವರು ಗಾಡಿಯ ಮುಂದೆ ಸಾಕಷ್ಟು ದೂರ, ಧರೆಯ ಬದಿಯಲ್ಲಿ ನಿಲ್ಲಬೇಕು. ಗಾಡಿಗೂ ಪ್ರಪಾತಕ್ಕೂ ನಡುವೆ ಎಂದೂ ನಿಲ್ಲಬಾರದು. ಗಾಡಿ ಹತ್ತುತ್ತಿರುವಾಗ ಹಿಂದೆ, ಕೆಳಗೆ, ಯಾರೂ ಇರಕೂಡದು. ಕೈ ತೋರಿಸುವವರು ಕಣ್ಣಿಗೆ ಕಾಣದಾದರೆ ಡ್ರೈವರ್ ನಿಲ್ಲಿಸಬೇಕು.

ನಮ್ಮಲ್ಲಿ ಡ್ರೈವರ್ ಬಲಕ್ಕೆ ಕೂರುವುದರಿಂದ ಬಲಚಕ್ರ ತಲೆ ಹೊರಗೆ ಹಾಕಿದರೆ ಕಾಣುತ್ತದೆ. ಎಡಚಕ್ರದ್ದೇ ತಲೆನೋವು. ಎಡಗನ್ನಡಿಯನ್ನು ಕೆಳಕ್ಕೆ ಬಾಗಿಸಿ, ಹಿಂದಿನ ಎಡಚಕ್ರ ನೆಲಕ್ಕೆ ತಾಗುವ ಜಾಗ ಕಾಣುವಂತೆ ಇಟ್ಟುಕೊಳ್ಳಿ. ತಿರುವಿನಲ್ಲಿ ಹಿಂಚಕ್ರ ಮುಂಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡಕ್ಕೆ ತಿರುಗುವಾಗ ಪ್ರಪಾತವೂ ಎಡಕ್ಕೇ ಇದ್ದರೆ ಈ ಕನ್ನಡಿಯೇ ನಿಮ್ಮ ಕಣ್ಣು.

ಹತ್ತುವಾಗ

ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ, ಹೆಚ್ಚು ಬಲ ಕೊಡುವ ಗೇರು) ಹಾಕುವುದಾದರೆ ಏರು ಶುರುವಾಗುವ ಮೊದಲೇ, ನಿಂತು ಹಾಕಿ. ಅರ್ಧ ಹತ್ತಿದ ಮೇಲೆ ಗೇರು ಹುಡುಕಬಾರದು. ಒಂದನೆಯದೋ ಎರಡನೆಯದೋ ಗೇರು ಆರಿಸಿಕೊಂಡು ಒಂದೇ ಹದದಲ್ಲಿ ಆಕ್ಸಿಲರೇಟರ್ ಒತ್ತಿ. ರಭಸದಿಂದ ಹತ್ತಿಸುವ ಆಸೆ ಬೇಡ. ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಚಕ್ರದ ಒಳಗೆ ಸಿಕ್ಕಿಸಬೇಡಿ, ಹೊರಗೆ ಇರಲಿ. ಹಳೆಯ ಜೀಪುಗಳಲ್ಲಿ ಕಲ್ಲಿಗೆ ಹೊಡೆದ ಚಕ್ರ ಸ್ಟೇರಿಂಗನ್ನು ಗಿರ್ರನೆ ತಿರುಗಿಸಿ ಬೆರಳು ಮುರಿಯುತ್ತಿತ್ತು. ಪವರ್ ಸ್ಟೇರಿಂಗ್ ಬಂದ ಮೇಲೆ ಅದು ಕಮ್ಮಿಯಾಗಿದೆ, ಆದರೆ ಅಭ್ಯಾಸ ಒಳ್ಳೆಯದು.

ನೀರು ಕೊರೆದ ಆಳದ ಕೊರಕಲು ಇದ್ದರೆ ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಹೋಗಿ. ಗಾಲಿ ಜಾಡಿನ ಒಳಗೇ ಹೋಗಬೇಕಾದರೆ ಒಂದು ಮೋಸ ನೆನಪಿರಲಿ. ಆಳದ ಜಾಡಿನಲ್ಲಿ ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ನೇರವೇ ಹೋಗುತ್ತಿರುತ್ತದೆ. ನಿಮಗೆ ಗೊತ್ತಿಲ್ಲದೆ ಚಕ್ರ ಹೊರಕ್ಕೆ ತಿರುಗಿಕೊಂಡಿರುತ್ತದೆ. ಜಾಡು ಮುಗಿದ ಕ್ಷಣ ಗಾಡಿ ಪಟ್ಟನೆ ಆ ಕಡೆ ನೆಗೆಯುತ್ತದೆ. ಆಗಾಗ ಕಿಟಕಿಯಿಂದ ಬಗ್ಗಿ ಚಕ್ರ ನೇರ ಇದೆಯಾ ಅಂತ ನೋಡಿಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಅರ್ಧ ಏರಿನಲ್ಲಿ ಗಾಡಿ ನಿಂತುಬಿಟ್ಟರೆ, ಇಂಜಿನ್ ಆಫ್ ಆದರೆ ಏನು ಮಾಡಬೇಕು? ಬೇಡದ್ದು ಎರಡು. ಗೇರು ನ್ಯೂಟ್ರಲ್‌ಗೆ ಬರಬಾರದು. ಗಾಡಿಯನ್ನು ಏರಿನಲ್ಲಿ ಅಡ್ಡ ತಿರುಗಿಸಲು ನೋಡಬಾರದು. ನಿಂತ ಏರಿನಲ್ಲಿ ಅಡ್ಡವಾದ ಗಾಡಿ ಮಗುಚುತ್ತದೆ, ಅನೇಕ ಅಪಘಾತಗಳ ಕತೆ ಇದೇ.

ಮಾಡಬೇಕಾದ್ದು ಹೀಗೆ. ಕಾಲು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಟ್ಟು ಬಿಟ್ಟು ಒತ್ತಬೇಡಿ. ಇಂಜಿನ್ ನಿಂತಾಗ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ. ಜೊತೆಗಿದ್ದವರು ಧರೆಯ ಬದಿಯಿಂದ ಬಂದು ಹಿಂಚಕ್ರಕ್ಕೆ ಒಳ್ಳೆಯ ಕಲ್ಲು ಕೊಟ್ಟು ದೂರ ಸರಿಯಲಿ. ಇಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ರಿವರ್ಸ್ ಗೇರು ಹಾಕಿ, ಕ್ಲಚ್ಚನ್ನು ಪೂರ್ತಿ ಬಿಡಿ. ಗಾಡಿಯನ್ನು ಈಗ ಗೇರು ಹಿಡಿದುಕೊಂಡಿರುತ್ತದೆ. ಕಲ್ಲು ತೆಗೆಸಿ, ಕಾಲು ಬ್ರೇಕ್ ಒತ್ತಿಕೊಂಡೇ ಕ್ಲಚ್ ಒತ್ತಿ ಇಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡ್ ಬ್ರೇಕ್ ಇಳಿಸಿ, ಕ್ಲಚ್ಚನ್ನು ಮೆಲ್ಲಗೆ ಪೂರ್ತಿ ಬಿಡುತ್ತಾ ಕಾಲು ಬ್ರೇಕನ್ನು ನಿಧಾನ ಸಡಿಲಿಸಿ. ಆಮೇಲೆ ಕಾಲನ್ನು ಕ್ಲಚ್ಚಿನ ಮೇಲೆ ಇಡದೆ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಕೆಳಗೆ ಬಂದು ಉಸಿರು ಬಿಟ್ಟು, ಇನ್ನೊಂದು ಸಲ ನೋಡಬೇಕಾ ಅಂತ ಯೋಚಿಸಿ.

ಇದನ್ನು ಬೆಟ್ಟಕ್ಕೆ ಹೋಗಿ ಕಲಿಯಬಾರದು. ನಿಮ್ಮೂರಿನ ಕೆರೆ ಏರಿಯ ಬದಿಯಲ್ಲೋ, ಯಾವುದಾದರೂ ಚಿಕ್ಕ ದಿಬ್ಬದಲ್ಲೋ ಹತ್ತು ಸಲ ಮಾಡಿ ಕೈಗೆ ಕಾಲಿಗೆ ರೂಢಿ ಮಾಡಿಕೊಂಡು ಬನ್ನಿ.

ಇಳಿಯುವಾಗ

ಹತ್ತುವಾಗ ಇಂಜಿನ್ ಸೋಲುತ್ತದೆ, ಇಳಿಯುವಾಗ ಮನುಷ್ಯ ಸೋಲುತ್ತಾನೆ. ಸಂಜೆಯಾಗಿರುತ್ತದೆ, ಸುಸ್ತಾಗಿರುತ್ತದೆ, ಕೆಳಗೆ ಬಿಸಿ ಕಾಫಿ ನೆನಪಾಗುತ್ತಿರುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದಕ್ಕಿಂತ ಮೇಲಿನ ಗೇರಿನಲ್ಲಿ ಇಳಿಯಬಾರದು. ಫೋರ್ ಲೋ ಒಂದನೇ ಗೇರಿನಲ್ಲಿ ಗಾಡಿ ನಡೆಯುವ ವೇಗದಲ್ಲಿ ತಾನೇ ಇಳಿಯುತ್ತದೆ. ಬ್ರೇಕನ್ನು ಸುಮ್ನೆ ತಾಗಿಸಿದರೆ ಸಾಕು. ಬ್ರೇಕನ್ನೇ ನಂಬಿ ಉದ್ದಕ್ಕೂ ಒತ್ತಿಕೊಂಡು ಬಂದರೆ ಅದು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ವಾಸನೆ ಬಂದ ಕೂಡಲೇ ಅಗಲ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಬ್ರೇಕಿಗೆ ನೀರು ಎರಚಬೇಡಿ.

ಜಾರು ಇಳಿಜಾರಿನಲ್ಲಿ ಚಕ್ರ ಲಾಕ್ ಆಗಿ ಗಾಡಿ ತಾನೇ ಜಾರತೊಡಗಿದರೆ ಬ್ರೇಕಿನಿಂದ ಕಾಲು ತೆಗೆದು ಒಂದು ಚೂರು ಆಕ್ಸಿಲರೇಟರ್ ಕೊಡಬೇಕು. ಚಕ್ರ ತಿರುಗಿದರೆ ಮಾತ್ರ ಸ್ಟೇರಿಂಗ್ ಕೇಳುತ್ತದೆ. ಹೇಳಲು ಸುಲಭ, ಮಾಡಲು ಎದೆ ಬೇಕು. ಅದಕ್ಕೇ ಜಂಬಿಟ್ಟಿಗೆ ಮಣ್ಣು ನೆನೆದಿರುವಾಗ ಅಂಥ ಇಳಿಜಾರಿಗೆ ಹೋಗದಿರುವುದೇ ಸರಿ. ನೆರಳಿನ ಜಾಗದಲ್ಲಿ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಬಿಸಿಲಿನ ದಿನವೂ ಅದು ಸೋಪಿನಂತೆ.

ಎದುರು ಗಾಡಿ ಬಂದರೆ

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಬೆಟ್ಟದ ರಸ್ತೆ ಕಿರಿದಾಗಿದ್ದರೆ ಇಳಿಯುವ ಗಾಡಿ ಬದಿಗೆ ನಿಂತು ಹತ್ತುವ ಗಾಡಿಗೆ ದಾರಿ ಕೊಡಬೇಕು. 1989ರ ರಸ್ತೆ ನಿಯಮಗಳಲ್ಲೇ ಇದು ಬರೆದಿತ್ತು. ಕಾರಣವೂ ಇದೆ. ಹತ್ತುವವನು ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಇಳಿಯುವುದು ಇನ್ನೂ ಕಷ್ಟ. ಆದರೆ ಒಂಟಿ ಜಾಡಿನಲ್ಲಿ ಕಾನೂನಿನ ಜೊತೆ ವಿವೇಕವೂ ಬೇಕು. ಹತ್ತುವವನ ಹಿಂದೆ ಹತ್ತು ಅಡಿಯಲ್ಲಿ ಅಗಲ ಜಾಗವಿದ್ದು, ಇಳಿಯುವವನ ಹಿಂದೆ ಅರ್ಧ ಕಿಲೋಮೀಟರ್ ಏನೂ ಇಲ್ಲದಿದ್ದರೆ ಯಾರು ಸರಿಯಬೇಕು? ಇಳಿದು ಮಾತಾಡಿ. ಊರಿನ ಜೀಪಿನವರು ಎದುರಾದರೆ ಅವರು ಹೇಳಿದಂತೆ ಕೇಳಿ. ‘ಅಣ್ಣ, ಎಲ್ಲಿ ನಿಲ್ಲಿಸ್ಲಿ?’ ಅಂದರೆ ಸಾಕು, ಬಹಳ ಸಲ ಅವರೇ ಕೈ ತೋರಿಸಿ ದಾಟಿಸುತ್ತಾರೆ.

ಹಾಯುವಾಗ ಒಂದು ಗಾಡಿ ಪೂರ್ತಿ ನಿಂತಿರಬೇಕು, ಇನ್ನೊಂದು ಮಾತ್ರ ಚಲಿಸಬೇಕು. ಕನ್ನಡಿ ಮಡಚಿ. ನೀವು ಹೊರ ಅಂಚಿನಲ್ಲಿದ್ದು ಜಾಗ ಸಾಲದು ಅನ್ನಿಸಿದರೆ ನಾಚಿಕೆ ಬೇಡ, ‘ಆಗಲ್ಲ’ ಅನ್ನಿ. ಎದುರಿನವರು ‘ಇನ್ನೂ ಒಂದಡಿ ಇದೆ ಬನ್ನಿ’ ಅನ್ನುತ್ತಾರೆ. ಆ ಒಂದಡಿಯ ಕೆಳಗೆ ಏನಿದೆ ಅಂತ ಅವರು ನೋಡಿಲ್ಲ.

ಗಾಡಿ ತಿರುಗಿಸುವುದು

ಮುಂದೆ ಮರ ಬಿದ್ದಿದೆ, ವಾಪಸ್ ಹೋಗಬೇಕು. ಅಗಲ ಜಾಗ ಹತ್ತಿರ ಇದ್ದರೆ ಅಲ್ಲಿಯವರೆಗೆ ರಿವರ್ಸ್ ಬರುವುದೇ ಒಳ್ಳೆಯದು. ಇದ್ದಲ್ಲೇ ತಿರುಗಿಸಲೇಬೇಕು ಅಂದರೆ ಎಲ್ಲರ ಮನಸ್ಸೂ ಮೂತಿಯನ್ನು ಧರೆ ಕಡೆ ಮಾಡಿ, ಹಿಂಭಾಗವನ್ನು ಪ್ರಪಾತದ ಕಡೆ ಬಿಡಲು ಹೇಳುತ್ತದೆ. ಪ್ರಪಾತ ಕಾಣದಿದ್ದರೆ ಭಯ ಕಮ್ಮಿ, ಅಲ್ವಾ? ಅದು ತಪ್ಪು. ಹಿಂಭಾಗ ಧರೆಗೆ, ಮೂತಿ ಪ್ರಪಾತಕ್ಕೆ ಇರಬೇಕು. ಅಪಾಯ ಇರುವ ಕಡೆ ಕಣ್ಣಿರಬೇಕು. ಹಿಂದೆ ಬಂಪರ್ ಧರೆಗೆ ತಾಗಿದರೆ ತಾಗಲಿ. ಮುಂದಕ್ಕೆ ಬರುವ ಪ್ರತಿ ಸಲವೂ ಅಂಚಿಗೆ ಒಂದು ಮಾರು ಮೊದಲೇ ನಿಲ್ಲುವಂತೆ ದಪ್ಪ ಕಲ್ಲು ಇಡಿಸಿ, ಹ್ಯಾಂಡ್ ಬ್ರೇಕ್ ಹಾಕಿ ಆಮೇಲೆ ಗೇರು ಬದಲಿಸಿ. ಹತ್ತು ಸಲ ಹಿಂದೆ ಮುಂದೆ ಆದರೂ ಅವಸರ ಇಲ್ಲ.

ಹಳ್ಳ, ಮಂಜು, ಒಣಹುಲ್ಲು

ಹಳ್ಳ ದಾಟುವ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಲಿ. ನಡೆಯಲು ಆಗದಷ್ಟು ಸೆಳೆತ ಇದ್ದರೆ ಗಾಡಿಯೂ ಬೇಡ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಅಂತ ಕಂಪನಿ ಹೇಳುವುದು ನಿಂತ ನೀರಿನ ಮಟ್ಟಿಗೆ ಸರಿ. ಹರಿಯುವ ನೀರು ಅದರ ಅರ್ಧ ಇದ್ದರೂ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನೀರಿನ ನಡುವೆ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಒಳಗೆ ನೀರು ಸೇರಿದ್ದರೆ ಇಂಜಿನ್ನೇ ಹೋಗುತ್ತದೆ. ದಾಟಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ಮಂಜು ಕವಿದರೆ ಲೈಟು ಡಿಮ್‌ನಲ್ಲಿರಲಿ. ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಚು ಕಾಣದಿದ್ದರೆ ಓಡಿಸಬೇಡಿ, ಕಾಯಿರಿ. ಘಟ್ಟದ ಮಂಜು ಬಂದಷ್ಟೇ ಬೇಗ ಹೋಗುವುದೂ ಉಂಟು. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಕಾದ ಸೈಲೆನ್ಸರ್ ತಾಗಿ ಹುಲ್ಲಿಗೆ ಬೆಂಕಿ ಹತ್ತಲು ಅಷ್ಟು ಸಾಕು. ಜಾಡು ಬಿಟ್ಟು ಹುಲ್ಲುಗಾವಲಿಗೆ ಗಾಡಿ ನುಗ್ಗಿಸುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಒಂದು ಸಲದ ಗಾಲಿ ಗುರುತೇ ಮುಂದಿನ ಮಳೆಗೆ ಕಾಲುವೆಯಾಗಿ ಗುಡ್ಡ ಕೊರೆಯುತ್ತದೆ.

ಸಿಕ್ಕಿಹಾಕಿಕೊಂಡರೆ

ಗಾಡಿ ಅಂಚಿನ ಕಡೆ ವಾಲಿ ನಿಂತಿದ್ದರೆ ಮೊದಲು ಜನ ಇಳಿಯಬೇಕು, ಎತ್ತರ ಇರುವ ಬದಿಯ ಬಾಗಿಲಿನಿಂದ, ಒಬ್ಬೊಬ್ಬರಾಗಿ, ಜಿಗಿಯದೆ. ಬೀಳುತ್ತಿರುವ ಗಾಡಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಲು ಹೋಗಬೇಡಿ. ಅದರ ತೂಕ ಒಂದು ಟನ್ನಿಗಿಂತ ಜಾಸ್ತಿ.

ಎಳೆಯುವಾಗ ಹಗ್ಗವನ್ನು ಬಂಪರ್‌ಗೆ ಅಲ್ಲ, ಚಾಸಿಗೆ ಸೇರಿದ ಕೊಕ್ಕೆಗೆ ಹಾಕಿ. ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ಕಂಬಳಿಯನ್ನೋ ಹೊದಿಸಿ. ಕಡಿದುಹೋದ ಹಗ್ಗ ಚಾಟಿಯಂತೆ ಬೀಸಿ ಬರುತ್ತದೆ, ಹೊದಿಕೆ ಇದ್ದರೆ ಅದರ ಬಲ ಕುಗ್ಗುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ವೀಡಿಯೊ ಮಾಡುವವರೂ ಸೇರಿ.

ಇಂಥ ದಾರಿಗೆ ಒಂಟಿ ಗಾಡಿಯಲ್ಲಿ ಹೋಗಬಾರದು ಅನ್ನುವುದು ಇದಕ್ಕೇ. ಎರಡನೇ ಗಾಡಿ ಇಲ್ಲದಿದ್ದರೆ, ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಕೆಳಗಿನ ಅಂಗಡಿಯಲ್ಲಿ ಹೇಳಿ ಹೋಗಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನಿಸಿ. ಆಂಬುಲೆನ್ಸಿಗೆ 108. ಎರಡೂ ಆಗದಿದ್ದರೆ ನಡೆದು ಇಳಿಯಬೇಕು. ಹಾಗಾಗಿ ಟಾರ್ಚು, ನೀರು, ಬೆಚ್ಚನೆ ಬಟ್ಟೆ ಗಾಡಿಯಲ್ಲಿರಲಿ, ಚಪ್ಪಲಿ ಹಾಕಿಕೊಂಡು ಬರಬೇಡಿ.

ಡಾಂಬರು ಸಿಕ್ಕ ಮೇಲೆ

ಸಿಕ್ಕಿತು ಅಂತ ಹಾರಿಸಿಕೊಂಡು ಹೋಗಬೇಡಿ. ಲಿವರ್ ಎಳೆದು ಹಾಕುವ ಫೋರ್ ವೀಲ್ ಗಾಡಿಯಾದರೆ ಟೂ ವೀಲಿಗೆ ಬದಲಿಸಿ, ಒಣ ಡಾಂಬರಿನಲ್ಲಿ ಫೋರ್ ವೀಲ್ ಓಡಿಸಿದರೆ ಒಳಗಿನ ಗೇರುಗಳು ಬಿಗಿದುಕೊಳ್ಳುತ್ತವೆ. ಗಾಳಿ ಮತ್ತೆ 32ಕ್ಕೆ ತುಂಬಿಸಿ. 22ರ ಗಾಳಿಯಲ್ಲಿ ಹೆದ್ದಾರಿ ಹಿಡಿದರೆ ಟೈರು ಕಾದು ಒಡೆಯಬಹುದು. ಪಂಪು ಓಡುತ್ತಿರುವಾಗ ಟೈರಿನ ಪಕ್ಕೆಗಳಲ್ಲಿ ಕಲ್ಲು ಕುಯ್ದ ಗುರುತು ಇದೆಯಾ, ಗಾಡಿಯ ಕೆಳಗೆ ಎಣ್ಣೆ ಸೋರುತ್ತಿದೆಯಾ ಬಗ್ಗಿ ನೋಡಿ. ಹಾಗೇ ಪ್ಯಾಂಟಿನ ಕಾಲು ಮಡಚಿ ಇಂಬಳ ಹತ್ತಿವೆಯಾ ಅಂತಲೂ ನೋಡಿಕೊಳ್ಳಿ. ಎಡಗನ್ನಡಿ ಇನ್ನೂ ಕೆಳಕ್ಕೇ ಬಾಗಿರುತ್ತದೆ, ಅದನ್ನು ಮೇಲೆತ್ತಿ ಹೊರಡಿ.